ಸ್ಕಾಟ್ಲೆಂಡಿನ 2014ರ ಜನಮತಗಣನೆ: ಮತದಾರರಿಗೆ ದೊರೆತ ಸೇವೆಯ ವಿಮರ್ಶೆ

ಚುನಾವಣೆ ನಡೆಸುವುದೂ ಒಂದು ಸಾರ್ವಜನಿಕ ಸೇವೆಯೇ. ಮತದಾರರ ಪಟ್ಟಿ ಸಿದ್ಧಪಡಿಸುವವರು, ಮಾಹಿತಿ ಪುಸ್ತಿಕೆ ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸುವವರು, ಮತಗಟ್ಟೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂರುವವರು, ನಿದ್ದೆಗೆಟ್ಟು ಮತ ಎಣಿಸುವವರು, ಇವರೆಲ್ಲರ ದುಡಿಮೆಯನ್ನು ನಮ್ಮ ತೆರಿಗೆ ಹಣದಿಂದಲೇ ಪಡೆಯುತ್ತೇವೆ. ಆದರೂ ಬಸ್ಸಿನ ಅಥವಾ ಬ್ಯಾಂಕಿನ ಸೇವೆ ಹೇಗಿತ್ತು ಎಂದು ಬರೆಯುವ ನಾವು, ಮತದಾನದ ಸೇವೆ ಹೇಗಿತ್ತು ಎಂದು ಬರೆಯುವುದು ತೀರಾ ಕಡಿಮೆ. 2014ರ ಸೆಪ್ಟೆಂಬರ್ 18ರಂದು ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೇ ಎಂದು ಸ್ಕಾಟ್ಲೆಂಡಿನಲ್ಲಿ ನಡೆದ ಜನಮತಗಣನೆಯಲ್ಲಿ ಎಡಿನ್‌ಬರೊ ನಗರದ ನಿವಾಸಿಯಾಗಿ, ಭಾರತದ ಪಾಸ್‌ಪೋರ್ಟ್ ಹೊಂದಿದವನಾಗಿ ನಾನು ಮತ ಹಾಕಿದ್ದೆ. ಇನ್ನೊಂದು ಜನಮತಗಣನೆ ಬೇಕೆಂಬ ಮಾತು ಅಲ್ಲಿ ಇಂದಿಗೂ ನಿಂತಿಲ್ಲ. ಅಂಥ ಪ್ರಶ್ನೆಯನ್ನು ಜನರ ಮುಂದಿಡುವ ವ್ಯವಸ್ಥೆ ಹೇಗಿರಬೇಕು ಎಂದು ಯೋಚಿಸುವವರಿಗೆ ನೆರವಾಗಲಿ ಎಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ನಾನು ಯಾವ ಚೌಕದಲ್ಲಿ ಗುರುತು ಹಾಕಿದೆ ಎಂಬುದು ಇಲ್ಲಿ ಅಪ್ರಸ್ತುತ. ಸೋತವರೂ ಗೆದ್ದವರೂ ಒಪ್ಪಬಹುದಾದ ಅಳತೆಯಿಂದಲೇ ಈ ಸೇವೆಯನ್ನು ಅಳೆಯಬೇಕು.

ನನ್ನಂಥವನಿಗೆ ಮತ ಹೇಗೆ ಬಂತು ಎಂದು ಊರಿನ ಬಂಧುಗಳು ಆಗ ಆಶ್ಚರ್ಯಪಟ್ಟಿದ್ದರು. ಅಲ್ಲಿನ ಕಾನೂನು ಮತದ ಹಕ್ಕನ್ನು ಹುಟ್ಟಿಗೆ ಕಟ್ಟಿರಲಿಲ್ಲ, ವಾಸಕ್ಕೆ ಕಟ್ಟಿತ್ತು. ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದ ಬ್ರಿಟಿಷ್, ಐರಿಷ್ ಮತ್ತು ಯುರೋಪಿಯನ್ ಒಕ್ಕೂಟದ ಪ್ರಜೆಗಳ ಜೊತೆಗೆ, ಕಾಮನ್‌ವೆಲ್ತ್ ದೇಶಗಳ ಅರ್ಹ ಪ್ರಜೆಗಳಿಗೂ ಮತ ಹಾಕುವ ಅವಕಾಶವಿತ್ತು. ಹೀಗಾಗಿ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬಂದು ಅಲ್ಲಿನ ಆಸ್ಪತ್ರೆಯಲ್ಲಿ, ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದ ಕನ್ನಡಿಗರು ಮತ ಹಾಕಬಹುದಿತ್ತು. ಗ್ಲಾಸ್ಗೊದಲ್ಲಿ ಹುಟ್ಟಿ ಲಂಡನ್ನಿಗೆ ಹೋಗಿ ನೆಲೆಸಿದ ಸ್ಕಾಟ್ ಮನೆತನದವರು ಹಾಕುವಂತಿರಲಿಲ್ಲ. ಇದು ಅನ್ಯಾಯವೆಂದು ದೂರಿದವರು ಕಡಿಮೆ ಇರಲಿಲ್ಲ. ನನಗಂತೂ ಇದು ಸರಿಯಾದ ನಿರ್ಧಾರವೆಂದೇ ಈಗಲೂ ಅನಿಸುತ್ತದೆ, ಏಕೆಂದರೆ ಫಲಿತಾಂಶ ಏನೇ ಬಂದರೂ ಅದರ ಕೆಳಗೆ ಬದುಕಬೇಕಾದವರು, ತೆರಿಗೆ ಕಟ್ಟಬೇಕಾದವರು, ಮಕ್ಕಳನ್ನು ಓದಿಸಬೇಕಾದವರು ಅಲ್ಲಿನ ನಿವಾಸಿಗಳು. ರಕ್ತಸಂಬಂಧದ ಪಟ್ಟಿ ಮಾಡಲು ಹೊರಟಿದ್ದರೆ ಯಾರು ನಿಜವಾದ ಸ್ಕಾಟ್ ಎಂಬ ಜಗಳವೇ ಮುಗಿಯುತ್ತಿರಲಿಲ್ಲ, ಆ ಜಗಳ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬೇರೆ ದೇಶಗಳಲ್ಲಿ ನೋಡಿದ್ದೇವೆ.

ಹದಿನಾರು ಮತ್ತು ಹದಿನೇಳು ವಯಸ್ಸಿನವರಿಗೂ ಆ ಬಾರಿ ಮತದ ಹಕ್ಕು ಕೊಡಲಾಯಿತು. ಆ ವಯಸ್ಸಿನ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿಕೊಂಡರು. ಒಟ್ಟಾರೆ ಪಟ್ಟಿಯಲ್ಲಿದ್ದವರು ಸುಮಾರು 42.8 ಲಕ್ಷ, ಅಂದರೆ ಅರ್ಹರ ಪೈಕಿ ಶೇ 97ರಷ್ಟು. ಮತದಾರರ ಪಟ್ಟಿ ಎಂಬುದು ಈ ಸೇವೆಯ ಮೊದಲ ಬಾಗಿಲು, ಅದು ಇಷ್ಟು ಅಗಲವಾಗಿ ತೆರೆದದ್ದು ಮೆಚ್ಚಬೇಕಾದ ಸಂಗತಿ.

ಈ ಸೇವೆಯ ಗಟ್ಟಿತನ ಅದರ ತಳಪಾಯದಲ್ಲಿತ್ತು. 2011ರಲ್ಲಿ, ಸ್ವಾತಂತ್ರ್ಯ ಬೇಕೆನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಎಡಿನ್‌ಬರೊದ ಸಂಸತ್ತಿನ 129 ಸ್ಥಾನಗಳಲ್ಲಿ 69 ಗೆದ್ದು ಸ್ವಂತ ಬಲದ ಬಹುಮತ ಪಡೆದಾಗ, ಜನಮತಗಣನೆ ನಡೆಸುವ ಅಧಿಕಾರ ಯಾರದು ಎಂಬ ಕಾನೂನಿನ ತೊಡಕು ಎದ್ದಿತು. ಲಂಡನ್ನಿನ ಸರ್ಕಾರ ಅದನ್ನು ನ್ಯಾಯಾಲಯಕ್ಕೆ ಎಳೆಯಬಹುದಿತ್ತು, ಸ್ಕಾಟ್ಲೆಂಡ್ ಸರ್ಕಾರ ಒಪ್ಪಿಗೆಯಿಲ್ಲದೆಯೇ ಮುಂದುವರಿಯಲು ನೋಡಬಹುದಿತ್ತು. ಎರಡೂ ಆಗಲಿಲ್ಲ. 2012ರ ಅಕ್ಟೋಬರ್ 15ರಂದು ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥರಾದ ಪ್ರಥಮ ಸಚಿವ ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರೊದಲ್ಲಿ ಕುಳಿತು ಒಪ್ಪಂದಕ್ಕೆ ಸಹಿ ಹಾಕಿದರು. ಮತದಾನದ ನಿಯಮ ರೂಪಿಸುವ ಅಧಿಕಾರವನ್ನು ಲಂಡನ್ ತಾತ್ಕಾಲಿಕವಾಗಿ ಸ್ಕಾಟ್ಲೆಂಡಿನ ಸಂಸತ್ತಿಗೆ ಬಿಟ್ಟುಕೊಟ್ಟಿತು. ಪ್ರಶ್ನೆ ಒಂದೇ ಇರಬೇಕು, ಮತದಾನ 2014 ಮುಗಿಯುವುದರೊಳಗೆ ಆಗಬೇಕು, ಬರುವ ಫಲಿತಾಂಶವನ್ನು ಎರಡೂ ಕಡೆಯವರು ಗೌರವಿಸಬೇಕು ಎಂದು ಗೊತ್ತಾಯಿತು. ಇದರ ಬೆಲೆ ಏನೆಂದು ತಿಳಿಯಲು ಸ್ಪೇನಿನ ಕೆಟಲೋನಿಯಾ ಪ್ರಾಂತ್ಯದ ಕಡೆ ನೋಡಿದರೆ ಸಾಕು. ಅಲ್ಲಿ 2017ರ ಅಕ್ಟೋಬರ್ 1ರಂದು ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯದ ತಡೆಯನ್ನು ಮೀರಿ ಮತದಾನ ನಡೆಯಿತು, ಪೊಲೀಸರು ಮತಗಟ್ಟೆಗಳಿಗೆ ನುಗ್ಗಿ ಮತಪೆಟ್ಟಿಗೆ ಹೊತ್ತೊಯ್ದರು, ಸ್ವಾತಂತ್ರ್ಯ ಬೇಡವೆನ್ನುವವರಲ್ಲಿ ಬಹುಪಾಲು ಮಂದಿ ಮನೆಯಲ್ಲೇ ಉಳಿದರು. ಶೇ 90ರಷ್ಟು ಮತ ಒಂದೇ ಕಡೆ ಬಿದ್ದರೂ ಅದರಿಂದ ಏನೂ ತೀರ್ಮಾನವಾಗಲಿಲ್ಲ.

ಮತಪತ್ರದ ಪ್ರಶ್ನೆಯ ಬಗ್ಗೆ ತೆಗೆದುಕೊಂಡ ಎಚ್ಚರಿಕೆಯನ್ನು ಇಡೀ ಸೇವೆಯಲ್ಲೇ ಅತ್ಯುತ್ತಮ ಭಾಗವೆಂದು ಪರಿಗಣಿಸುತ್ತೇನೆ. ಸ್ಕಾಟ್ಲೆಂಡ್ ಸರ್ಕಾರ ಮೊದಲು ಸೂಚಿಸಿದ್ದ ಪ್ರಶ್ನೆ, ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ನೀವು ಒಪ್ಪುತ್ತೀರಾ ಎಂಬ ಧಾಟಿಯಲ್ಲಿತ್ತು. ಚುನಾವಣಾ ಆಯೋಗ ಅದನ್ನು ಸಾಮಾನ್ಯ ಮತದಾರರ ಮುಂದಿಟ್ಟು ಪರೀಕ್ಷಿಸಿತು. ಒಪ್ಪುತ್ತೀರಾ ಎಂದು ಕೇಳಿದೊಡನೆ ಹೌದೆನ್ನುವ ಕಡೆಗೆ ಮನಸ್ಸು ವಾಲುತ್ತದೆ ಎಂದು ಕಂಡುಬಂದದ್ದರಿಂದ, ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂದಷ್ಟೇ ಕೇಳುವಂತೆ 2013ರ ಜನವರಿಯಲ್ಲಿ ಶಿಫಾರಸು ಮಾಡಿತು. ಸರ್ಕಾರ ತಕರಾರಿಲ್ಲದೆ ಒಪ್ಪಿಕೊಂಡಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1995ರಲ್ಲಿ ಕೇಳಿದ ಪ್ರಶ್ನೆಯೊಂದಿಗೆ ಇದನ್ನು ಹೋಲಿಸಬೇಕು. ಅಲ್ಲಿ ಪ್ರಶ್ನೆಯೊಳಗೇ ಕೆನಡಾದೊಂದಿಗೆ ಹೊಸ ಪಾಲುದಾರಿಕೆಯ ಪ್ರಸ್ತಾಪ, ಒಂದು ಮಸೂದೆ ಮತ್ತು ಆ ವರ್ಷದ ಜೂನ್ 12ರ ಒಪ್ಪಂದ, ಇಷ್ಟೂ ಸೇರಿಕೊಂಡಿದ್ದವು. ಬೇರ್ಪಡುವುದಕ್ಕೆ ಹೌದೆನ್ನುತ್ತಿದ್ದೇವೆಯೋ ಮಾತುಕತೆಗೆ ಹೌದೆನ್ನುತ್ತಿದ್ದೇವೆಯೋ ಎಂಬುದೇ ಎಷ್ಟೋ ಮತದಾರರಿಗೆ ಸ್ಪಷ್ಟವಿರಲಿಲ್ಲ. ಬೇಡವೆನ್ನುವವರು ಶೇ 50.58 ಮತ ಪಡೆದು ಕೂದಲೆಳೆಯ ಅಂತರದಲ್ಲಿ ಗೆದ್ದರು, ಮತ್ತು ತಿರಸ್ಕೃತವಾದ ಮತಪತ್ರಗಳ ಸಂಖ್ಯೆ ಆ ಅಂತರಕ್ಕಿಂತ ಹೆಚ್ಚಿತ್ತು. ಸ್ಕಾಟ್ಲೆಂಡಿನಲ್ಲಿ 36 ಲಕ್ಷಕ್ಕೂ ಮಿಕ್ಕಿದ ಮತಗಳಲ್ಲಿ ತಿರಸ್ಕೃತವಾದದ್ದು 3,429 ಮಾತ್ರ. ಪ್ರಶ್ನೆ ನೇರವಾಗಿದ್ದರೆ ಉತ್ತರವೂ ನೇರವಾಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇನ್ನು ಮನೆಗೆ ಬಂದ ಪುಸ್ತಿಕೆಯ ವಿಚಾರ. ಚುನಾವಣಾ ಆಯೋಗ ಸ್ಕಾಟ್ಲೆಂಡಿನ ಎಲ್ಲ ಮನೆಗಳಿಗೂ ಒಂದು ಮತದಾನ ಮಾರ್ಗದರ್ಶಿಯನ್ನು ಕಳುಹಿಸಿತು. ಹೆಸರು ನೋಂದಾಯಿಸುವುದು ಹೇಗೆ, ಅಂಚೆ ಮೂಲಕ ಮತ ಹಾಕುವುದು ಹೇಗೆ, ಮತಪತ್ರದಲ್ಲಿ ಎಲ್ಲಿ ಗುರುತು ಹಾಕಬೇಕು ಎಂಬುದನ್ನೆಲ್ಲ ಅದು ಎಳೆಯರಿಗೂ ಅರ್ಥವಾಗುವಂತೆ ವಿವರಿಸಿತ್ತು. ಅಧಿಕೃತ ಪ್ರಚಾರ ಸಂಘಟನೆಗಳಾದ, ಬೇಕೆನ್ನುವ ಯೆಸ್ ಸ್ಕಾಟ್ಲೆಂಡ್ ಮತ್ತು ಬೇಡವೆನ್ನುವ ಬೆಟರ್ ಟುಗೆದರ್ ಎರಡಕ್ಕೂ ತಮ್ಮ ವಾದ ಮಂಡಿಸಲು ಸಮಾನ ಜಾಗ ಕೊಡಲಾಗಿತ್ತು. ಕಾರ್ಯವಿಧಾನದ ಕೈಪಿಡಿಯಾಗಿ ಅದಕ್ಕೆ ಪೂರ್ಣ ಅಂಕ ಕೊಡಬಹುದು. ಆದರೆ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ಓದುವಾಗ ನನ್ನ ಕಣ್ಣು ಹೋಗಿ ನಿಂತದ್ದು ಎರಡೂ ಸರ್ಕಾರಗಳು ಸೇರಿ ಬರೆದ ಜಂಟಿ ಹೇಳಿಕೆಯ ಮೇಲೆ. ಹೌದು ಎಂದು ಬಹುಮತ ಬಂದರೆ ಮಾತುಕತೆಗಳ ನಂತರ ಸ್ಕಾಟ್ಲೆಂಡ್ ಸ್ವತಂತ್ರವಾಗುತ್ತದೆ, ಅಲ್ಲಿಯವರೆಗೆ ಬ್ರಿಟನ್ನಿನ ಭಾಗವಾಗಿಯೇ ಇರುತ್ತದೆ; ಬೇಡ ಎಂದು ಬಂದರೆ ಬ್ರಿಟನ್ನಿನ ಭಾಗವಾಗಿ ಮುಂದುವರಿಯುತ್ತದೆ ಎಂಬುದು ಅದರ ತಿರುಳು. ಆ ಮಾತುಕತೆಗಳಲ್ಲಿ ಏನೇನು ಇತ್ಯರ್ಥವಾಗಬೇಕಾಗಿತ್ತೋ ಅದರ ಬಗ್ಗೆ ಎರಡೂ ಸರ್ಕಾರಗಳು ಒಟ್ಟಾಗಿ ಹೇಳಿದ್ದು ಏನೂ ಇರಲಿಲ್ಲ.

ಈ ಸೇವೆಯ ದೊಡ್ಡ ಕೊರತೆ ಇದೇ. ಮತದಾನಕ್ಕೆ ಮುಂಚೆಯೇ ಎರಡೂ ಸರ್ಕಾರಗಳು ಕುಳಿತು, ಎರಡರಲ್ಲಿ ಯಾವ ಫಲಿತಾಂಶ ಬಂದರೂ ಮುಂದಿನ ಪ್ರಕ್ರಿಯೆ ಏನೆಂದು ಒಪ್ಪಿಕೊಂಡು ಮತದಾರರಿಗೆ ತಿಳಿಸಬೇಕೆಂದು ಆಯೋಗ 2013ರಲ್ಲೇ ಕೇಳಿತ್ತು. ಅದರ ಫಲವೇ ಆ ಚಿಕ್ಕ ಹೇಳಿಕೆ. ಅದಕ್ಕಿಂತ ಮುಂದೆ ಹೋಗಿ, ಸ್ವಾತಂತ್ರ್ಯದ ಷರತ್ತುಗಳ ಬಗ್ಗೆ ಮುಂಗಡ ಮಾತುಕತೆ ನಡೆಸಲು ಲಂಡನ್ ಒಪ್ಪಲಿಲ್ಲ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರ ಮುಂದೆ ಆಸ್ತಿ, ಸಾಲ ಎರಡನ್ನೂ ಬರೆದು ಪಾಲುಪಟ್ಟಿ ಮಾಡಿದ ಮೇಲೆಯೇ ಒಲೆ ಬೇರೆಯಾಗುತ್ತದೆ. ಸ್ಕಾಟ್ಲೆಂಡಿನ ಮತದಾರರಿಗೆ ಮೊದಲು ಒಲೆಯ ಪ್ರಶ್ನೆ ಬಂತು, ಪಾಲುಪಟ್ಟಿ ಆಮೇಲೆ ನೋಡೋಣ ಎಂದರು.

ಪಟ್ಟಿಯಿಲ್ಲದ ಜಾಗವನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ತುಂಬಿದರು. 2013ರ ನವೆಂಬರ್ 26ರಂದು ಸ್ಕಾಟ್ಲೆಂಡ್ ಸರ್ಕಾರ 670 ಪುಟಗಳ ಶ್ವೇತಪತ್ರ ಹೊರತಂದಿತು. 650 ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿತ್ತು, ಪಿಂಚಣಿ, ಪಾಸ್‌ಪೋರ್ಟ್, ರಕ್ಷಣೆ, ಮಕ್ಕಳ ಪಾಲನೆ ಎಲ್ಲವೂ ಇತ್ತು, 2016ರ ಮಾರ್ಚ್ 24 ಎಂದು ಸ್ವಾತಂತ್ರ್ಯದ ದಿನವೂ ಗೊತ್ತಾಗಿತ್ತು. ಒಂದು ಸರ್ಕಾರ ತಾನು ಕಟ್ಟಬಯಸುವ ದೇಶವನ್ನು ಅಷ್ಟು ವಿವರವಾಗಿ ಬರೆದು ಜನರ ಕೈಗಿಟ್ಟದ್ದನ್ನು ನಾನು ಗೌರವಿಸುತ್ತೇನೆ. ಆದರೆ ಅದರಲ್ಲಿದ್ದ ಎಷ್ಟೋ ಉತ್ತರಗಳನ್ನು ಕೊಡುವ ಅಧಿಕಾರ ಬೇರೆಯವರ ಕೈಯಲ್ಲಿತ್ತು. ಸ್ವತಂತ್ರ ಸ್ಕಾಟ್ಲೆಂಡ್ ಪೌಂಡನ್ನೇ ಬ್ರಿಟನ್ನಿನೊಂದಿಗೆ ಹಂಚಿಕೊಂಡು ಬಳಸುತ್ತದೆ ಎಂದು ಅದು ಹೇಳಿತು. 2014ರ ಫೆಬ್ರುವರಿ 13ರಂದು ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಎಡಿನ್‌ಬರೊಗೇ ಬಂದು, ಅಂಥ ಕರೆನ್ಸಿ ಒಕ್ಕೂಟಕ್ಕೆ ತಾವು ಸಿದ್ಧರಿಲ್ಲ ಎಂದರು. ಲೇಬರ್ ಮತ್ತು ಲಿಬರಲ್ ಡೆಮಾಕ್ರಟ್ ಪಕ್ಷಗಳೂ ದನಿಗೂಡಿಸಿದವು. ಹಾಗಾದರೆ ಸಾಲದ ಪಾಲನ್ನೂ ಹೊರುವುದಿಲ್ಲ ಎಂಬ ಮಾತು ಸ್ಕಾಟ್ಲೆಂಡ್ ಸರ್ಕಾರದ ಕಡೆಯಿಂದ ಬಂತು. ಆಗಸ್ಟ್ 5ರಂದು ಟಿವಿಯಲ್ಲಿ ನಡೆದ ಮೊದಲ ಚರ್ಚೆಯಲ್ಲಿ ಬೆಟರ್ ಟುಗೆದರ್‌ನ ಮುಂದಾಳು ಆಲಿಸ್ಟರ್ ಡಾರ್ಲಿಂಗ್, ಪೌಂಡ್ ಸಿಗದಿದ್ದರೆ ನಿಮ್ಮ ಎರಡನೆಯ ಯೋಜನೆ ಏನು ಎಂದು ಸಾಲ್ಮಂಡ್ ಅವರನ್ನು ಮತ್ತೆ ಮತ್ತೆ ಕೇಳಿದರು. ತೃಪ್ತಿಕರ ಉತ್ತರ ಬರಲಿಲ್ಲ. ಕೇಳುತ್ತಿದ್ದ ನನಗೆ, ಸಂಬಳ ಯಾವ ನಾಣ್ಯದಲ್ಲಿ ಬರುತ್ತದೆ, ಮನೆಸಾಲ ಯಾವ ನಾಣ್ಯದಲ್ಲಿ ಉಳಿಯುತ್ತದೆ ಎಂಬ ಸಾಮಾನ್ಯ ಪ್ರಶ್ನೆಗೆ ಉತ್ತರ ಹೇಳಬಲ್ಲ ಮೂರನೆಯ ವ್ಯಕ್ತಿ ಆ ವೇದಿಕೆಯಲ್ಲಿ ಇಲ್ಲವಲ್ಲ ಎಂಬ ಕೊರಗು ಉಳಿಯಿತು.

ತೈಲದ ಲೆಕ್ಕವೂ ಹಾಗೆಯೇ. ಬ್ಯಾರೆಲ್‌ಗೆ ನೂರು ಡಾಲರಿಗೂ ಹೆಚ್ಚಿನ ಬೆಲೆ ಉಳಿಯುತ್ತದೆ ಎಂದುಕೊಂಡು, ಉತ್ತರ ಸಮುದ್ರದ ತೈಲದಿಂದ ವರ್ಷಕ್ಕೆ ನೂರಾರು ಕೋಟಿ ಪೌಂಡ್ ವರಮಾನ ಬರುವುದಾಗಿ ಶ್ವೇತಪತ್ರ ಅಂದಾಜು ಮಾಡಿತ್ತು. ಮತದಾನ ಮುಗಿದು ನಾಲ್ಕು ತಿಂಗಳಾಗುವಷ್ಟರಲ್ಲಿ ಬೆಲೆ ಐವತ್ತು ಡಾಲರಿಗಿಂತ ಕೆಳಗಿಳಿಯಿತು. ಬೇಡವೆನ್ನುವ ಕಡೆಯ ಭರವಸೆಗಳ ಗತಿಯೂ ಇದಕ್ಕಿಂತ ಮೇಲಾಗಲಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯುವ ಖಚಿತ ದಾರಿ ಬ್ರಿಟನ್ನಿನಲ್ಲಿ ಉಳಿಯುವುದೇ ಎಂದು ಅವರು ಹೇಳಿದ್ದರು. 2016ರ ಜೂನ್ 23ರಂದು ಬ್ರಿಟನ್ ಆ ಒಕ್ಕೂಟದಿಂದ ಹೊರಬರಲು ನಿರ್ಧರಿಸಿತು. ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು ಮಂದಿ ಉಳಿಯಲು ಮತ ಹಾಕಿದ್ದರೂ ಲೆಕ್ಕಕ್ಕೆ ಬರಲಿಲ್ಲ. ಎರಡೂ ಕಡೆಯವರು ಖಚಿತವೆಂದು ಮಾರಿದ್ದು ಊಹೆಯನ್ನು. ಊಹೆಯನ್ನು ಊಹೆಯೆಂದೇ ಹೇಳಿ, ಬೆಲೆ ಏರಿದರೆ ಹೀಗೆ ಇಳಿದರೆ ಹಾಗೆ ಎಂದು ತೋರಿಸಿಕೊಡುವ, ಯಾರ ಪರವೂ ಅಲ್ಲದ ಒಂದು ದಾಖಲೆ ಆಯೋಗದ ಪುಸ್ತಿಕೆಯ ಜೊತೆಯಲ್ಲೇ ಮನೆಗೆ ಬರಬೇಕಿತ್ತು.

ಮತದಾನದ ದಿನದ ಸೇವೆಯಲ್ಲಿ ಹುಳುಕು ಹುಡುಕುವುದು ಕಷ್ಟ. ನನ್ನ ಮತಗಟ್ಟೆ ಒಂದು ಪ್ರಾಥಮಿಕ ಶಾಲೆಯ ಆಟದ ಹಜಾರದಲ್ಲಿತ್ತು. ಬೆಳಗ್ಗೆ ಏಳಕ್ಕೆ ಬಾಗಿಲು ತೆರೆಯುವ ಮುನ್ನವೇ ಸಾಲು ನಿಂತಿತ್ತು, ರಾತ್ರಿ ಹತ್ತರವರೆಗೂ ಮತ ಹಾಕಬಹುದಿತ್ತು. ನಮ್ಮಲ್ಲಿಯಂತೆ ಬೆರಳಿಗೆ ಶಾಯಿ ಹಚ್ಚಲಿಲ್ಲ, ಗುರುತಿನ ಚೀಟಿಯನ್ನೂ ಕೇಳಲಿಲ್ಲ. ಹೆಸರು, ವಿಳಾಸ ಹೇಳಿದೊಡನೆ ಅಧಿಕಾರಿ ಪಟ್ಟಿಯ ಮೇಲೆ ಅಳತೆಪಟ್ಟಿ ಇಟ್ಟು ಸಾಲು ಹುಡುಕಿ ಗೆರೆ ಎಳೆದು ಮತಪತ್ರ ಕೈಗಿತ್ತರು. ಮತಪತ್ರದಲ್ಲಿ ಪ್ರಶ್ನೆ, ಅದರ ಕೆಳಗೆ ಹೌದು ಮತ್ತು ಇಲ್ಲ ಎಂಬ ಎರಡು ಚೌಕ, ಅಷ್ಟೇ. ಮರದ ಹಲಗೆಯ ಮರೆಯಲ್ಲಿ ದಾರ ಕಟ್ಟಿದ ಪೆನ್ಸಿಲ್ ಇತ್ತು. ನನ್ನ ಮುಂದೆ ಅಜ್ಜನೊಡನೆ ಬಂದಿದ್ದ ಹೈಸ್ಕೂಲು ವಯಸ್ಸಿನ ಹುಡುಗಿಯೊಬ್ಬಳು ಮತಪತ್ರವನ್ನು ಹೇಗೆ ಮಡಚಬೇಕೆಂದು ಕೇಳಿದಾಗ, ಅಧಿಕಾರಿ ಎದ್ದು ನಿಂತು ಖಾಲಿ ಹಾಳೆಯೊಂದನ್ನು ಮಡಚಿ ತೋರಿಸಿದರು. ಅವಸರಪಡಿಸಲಿಲ್ಲ, ಹಿಂದಿದ್ದವರೂ ಗೊಣಗಲಿಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೇರಿ ಒಂದಾದ, ಮುನ್ನೂರು ವರ್ಷ ಹಳೆಯದಾದ 1707ರ ಒಕ್ಕೂಟದ ಭವಿಷ್ಯ ಅಂಥ ಸಾಧಾರಣ ಹಜಾರಗಳಲ್ಲಿ, ಒಂದು ಕಲ್ಲು ತೂರಾಟವೂ ಇಲ್ಲದೆ ತೀರ್ಮಾನವಾಗುತ್ತಿರುವುದನ್ನು ಕಂಡು ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಎಣಿಕೆ 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಕೈಯಿಂದಲೇ ನಡೆಯಿತು. ಮೊದಲು ಬಂದದ್ದು ಕ್ಲಾಕ್‌ಮನನ್‌ಶೈರ್‌ನ ಫಲಿತಾಂಶ. ಬೆಳಗಾಗುವ ಹೊತ್ತಿಗೆ ತೀರ್ಪು ಸ್ಪಷ್ಟವಾಗಿತ್ತು. ಬೇಡವೆಂದವರು 20,01,926, ಅಂದರೆ ಶೇ 55.3, ಬೇಕೆಂದವರು 16,17,989, ಅಂದರೆ ಶೇ 44.7. ಗ್ಲಾಸ್ಗೊ, ಡಂಡೀ, ನಾರ್ತ್ ಲ್ಯಾನರ್ಕ್‌ಶೈರ್ ಮತ್ತು ವೆಸ್ಟ್ ಡನ್‌ಬಾರ್ಟನ್‌ಶೈರ್, ಈ ನಾಲ್ಕು ಕಡೆ ಮಾತ್ರ ಹೌದು ಗೆದ್ದಿತು. ಒಟ್ಟು ಮತದಾನ ಶೇ 84.6. ಎಣಿಕೆ ಮೇಜಿನ ದೃಶ್ಯಗಳನ್ನು ತೋರಿಸಿ ಮೋಸವಾಗಿದೆ ಎಂದು ಕೆಲವರು ಹಬ್ಬಿಸಿದರು. ಅವು ಇನ್ನೂ ವಿಂಗಡಿಸದ ಮತಪತ್ರಗಳೆಂದು ಅಧಿಕಾರಿಗಳು ತಕ್ಷಣ ವಿವರಿಸಿದರು. ಬಹುಮತಕ್ಕೆ ಒಂದು ಮತ ಹೆಚ್ಚಿದ್ದರೆ ಸಾಕು ಎಂಬ ನಿಯಮವನ್ನೂ ಇಲ್ಲಿ ಹೇಳಬೇಕು. 1979ರಲ್ಲಿ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೆಂದು ಶೇ 51.6ರಷ್ಟು ಮತ ಬಿದ್ದಿದ್ದರೂ, ಪಟ್ಟಿಯಲ್ಲಿರುವ ಒಟ್ಟು ಮತದಾರರ ಶೇ 40ರಷ್ಟು ಮಂದಿ ಹೌದೆನ್ನಬೇಕೆಂಬ ಷರತ್ತಿನಿಂದ ಅದು ಬಿದ್ದುಹೋಗಿತ್ತು. ಆ ಕಹಿ ಎರಡು ದಶಕ ಉಳಿದಿತ್ತು. ಈ ಬಾರಿ ಅಂಥ ಷರತ್ತು ಇಲ್ಲದ್ದರಿಂದಲೇ ಸೋತವರು ಮರುದಿನ ಸೋಲನ್ನು ಒಪ್ಪಿಕೊಳ್ಳಲು ಸಾಧ್ಯವಾಯಿತು.

ಮತದಾನಕ್ಕೆ ಎರಡು ದಿನ ಮುಂಚೆ ನಡೆದದ್ದನ್ನು ಮಾತ್ರ ನಾನು ಕ್ಷಮಿಸಲಾರೆ. ಸೆಪ್ಟೆಂಬರ್ ಮೊದಲ ವಾರದ ಸಮೀಕ್ಷೆಯೊಂದರಲ್ಲಿ ಹೌದು ಮುಂದಿದೆ ಎಂದು ಕಂಡೊಡನೆ ಲಂಡನ್ ಗಾಬರಿಗೊಂಡಿತು. 16ರಂದು ಕ್ಯಾಮರೂನ್, ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್, ಲಿಬರಲ್ ಡೆಮಾಕ್ರಟ್ ನಾಯಕ ನಿಕ್ ಕ್ಲೆಗ್ ಮೂವರೂ ಸಹಿ ಹಾಕಿದ ಪ್ರತಿಜ್ಞೆ ಡೈಲಿ ರೆಕಾರ್ಡ್ ಪತ್ರಿಕೆಯ ಮುಖಪುಟದಲ್ಲಿ ಬಂತು: ಬೇಡವೆಂದರೆ ಸ್ಕಾಟ್ಲೆಂಡಿನ ಸಂಸತ್ತಿಗೆ ಇನ್ನಷ್ಟು ಅಧಿಕಾರ ಕೊಡುತ್ತೇವೆ ಎಂದು. ಒಪ್ಪಂದದ ವೇಳೆ, ಹೆಚ್ಚಿನ ಅಧಿಕಾರ ಎಂಬ ಮೂರನೆಯ ಆಯ್ಕೆ ಮತಪತ್ರದಲ್ಲಿ ಬೇಡವೆಂದು ಪಟ್ಟು ಹಿಡಿದಿದ್ದವರು ಇದೇ ಲಂಡನ್ನಿನವರು. ಅಂಚೆಯಲ್ಲಿ ಮತ ಹಾಕಿದ ಲಕ್ಷಾಂತರ ಮಂದಿಯ ಲಕೋಟೆಗಳು ಆ ಹೊತ್ತಿಗಾಗಲೇ ಹೊರಟಿದ್ದವು. ಹಾಗಾಗಿ ಅವರು ಉತ್ತರಿಸಿದ ಪ್ರಶ್ನೆಯೂ ನಾವು ಮತಗಟ್ಟೆಯಲ್ಲಿ ಉತ್ತರಿಸಿದ ಪ್ರಶ್ನೆಯೂ ಪೂರ್ತಿ ಒಂದೇ ಆಗಿರಲಿಲ್ಲ. ಹೆಚ್ಚಿನ ಅಧಿಕಾರದ ಬಗ್ಗೆ ನೇಮಿಸಿದ ಸ್ಮಿತ್ ಆಯೋಗದ ವರದಿ, ಆಮೇಲೆ 2016ರ ಸ್ಕಾಟ್ಲೆಂಡ್ ಕಾಯ್ದೆ ಬಂದವು, ಆದಾಯ ತೆರಿಗೆಯ ದರ ನಿರ್ಧರಿಸುವ ಅಧಿಕಾರವೂ ಬಂತು, ನಿಜ. ಆದರೆ ಮತದಾನ ಶುರುವಾದ ಮೇಲೆ ಷರತ್ತು ಬದಲಿಸದಂತೆ ಎರಡೂ ಸರ್ಕಾರಗಳನ್ನು ಕಟ್ಟಿಹಾಕುವ ಗಟ್ಟಿ ನಿಯಮ ಇರಲೇಬೇಕಿತ್ತು.

ಮತದಾನದ ಆಚೆಗಿನ ದಾರಿಯನ್ನೂ ಈ ವ್ಯವಸ್ಥೆ ಯೋಚಿಸಿರಲಿಲ್ಲ. ಮತ್ತೊಮ್ಮೆ ಕೇಳಬೇಕಾದರೆ ಯಾವಾಗ, ಯಾರು ಕೇಳಬೇಕು ಎಂಬುದಕ್ಕೆ ನಿಯಮವಿಲ್ಲ. 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ಲಂಡನ್ನಿನ ಒಪ್ಪಿಗೆಯಿಲ್ಲದೆ ಸ್ಕಾಟ್ಲೆಂಡಿನ ಸಂಸತ್ತು ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಎಂದು ಒಮ್ಮತದಿಂದ ತೀರ್ಪಿತ್ತಿತು. ಆದರೆ ಅದೇ ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡಿಗೆ 1998ರ ಕಾಯ್ದೆಯಲ್ಲಿ ಸ್ಪಷ್ಟ ದಾರಿಯಿದೆ: ಬಹುಪಾಲು ಮತದಾರರು ಬ್ರಿಟನ್ ಬಿಟ್ಟು ಐರ್ಲೆಂಡಿನೊಂದಿಗೆ ಸೇರಲು ಬಯಸುವ ಸಂಭವವಿದೆ ಎಂದು ಸಚಿವರಿಗೆ ಕಂಡರೆ ಮತದಾನ ನಡೆಸಲೇಬೇಕು, ಒಮ್ಮೆ ನಡೆಸಿದರೆ ಮುಂದಿನದಕ್ಕೆ ಕನಿಷ್ಠ ಏಳು ವರ್ಷ ಅಂತರವಿರಬೇಕು. ಒಂದೇ ದೇಶದ ಎರಡು ಭಾಗಗಳಿಗೆ ಎರಡು ನೀತಿ ಏಕೆ ಎಂಬ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಅಂಕ ಕೊಡಲೇಬೇಕೆಂದರೆ ಐದರಲ್ಲಿ ನಾಲ್ಕು ಕೊಡುತ್ತೇನೆ: ಒಪ್ಪಂದ, ಮತದಾರರ ಪಟ್ಟಿ, ಪ್ರಶ್ನೆ ಮತ್ತು ಎಣಿಕೆಗೆ ಆ ನಾಲ್ಕೂ ಸಲ್ಲಬೇಕು. ಕಡಿತವಾದ ಒಂದು ಅಂಕ ಮಾಹಿತಿಯ ಕೊರತೆಗೆ ಮತ್ತು ಕೊನೆಯ ಗಳಿಗೆಯ ಆ ಪ್ರತಿಜ್ಞೆಗೆ. 2020ರ ಕಾಯ್ದೆಯ ನಂತರ ಸ್ಕಾಟ್ಲೆಂಡಿನ ಸಂಸತ್ತು ಮತ್ತು ಸ್ಥಳೀಯ ಸಂಸ್ಥೆಗಳ ಚುನಾವಣೆಗಳಲ್ಲಿ, ಕಾನೂನುಬದ್ಧವಾಗಿ ನೆಲೆಸಿದ ಎಲ್ಲ ದೇಶಗಳ ಪ್ರಜೆಗಳಿಗೂ ಮತವಿದೆ. ಅಲ್ಲಿಗೆ ಹೊಸದಾಗಿ ಹೋಗುವ ಕನ್ನಡಿಗರು ಮೊದಲ ತಿಂಗಳಲ್ಲೇ ಪಟ್ಟಿಗೆ ಹೆಸರು ಸೇರಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಜನಮತಗಣನೆ ಎಂದಾದರೂ ಬಂದರೆ, ಕರೆನ್ಸಿ, ಸಾಲದ ಪಾಲು, ಪಿಂಚಣಿ, ಗಡಿ, ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಇವುಗಳಲ್ಲಿ ಯಾವುದು ಎರಡೂ ಸರ್ಕಾರಗಳಿಗೆ ಒಪ್ಪಿಗೆ, ಯಾವುದು ಇನ್ನೂ ವಿವಾದದಲ್ಲಿದೆ ಎಂಬುದನ್ನು ಇಬ್ಬರ ಸಹಿಯೊಡನೆ ಆಯೋಗದ ಪುಸ್ತಿಕೆಯಲ್ಲೇ ಅಚ್ಚು ಹಾಕಿಸಬೇಕು, ಮತ್ತು ಮೊದಲ ಅಂಚೆ ಮತಪತ್ರ ಹೊರಡುವ ಮುನ್ನ ಅದು ಪ್ರತಿ ಮನೆಗೂ ತಲುಪಬೇಕು.